ಮೇವು ಬಿಟ್ಟ ಮೀನು, ಬದುವಿಗೆ ಮೈ ಉಜ್ಜುವ ಮೀನು: ಹೊಂಡದಲ್ಲಿ ಹುಳುಬಾಧೆ ಪತ್ತೆ ಮಾಡುವ ಬಗೆ

ಏರಿಯ ಮೇಲೆ ನಿಂತು ನೋಡಿದರೆ ಮೀನಿನ ಕಾಯಿಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಮೀನು ಮೇವಿಗೆ ಬರುವುದಿಲ್ಲ, ನೀರಿನ ಮೇಲ್ಭಾಗದಲ್ಲೇ ಸುತ್ತಾಡುತ್ತದೆ, ಬದುವಿಗೋ ಬಲೆಯ ಗೂಟಕ್ಕೋ ಮೈ ಉಜ್ಜುತ್ತದೆ. ದಿನಕ್ಕೆ ನಾಲ್ಕಾರು ಸತ್ತು ತೇಲುತ್ತವೆ. ಇಷ್ಟನ್ನೇ ಅಂಗಡಿಯಲ್ಲಿ ಹೇಳಿ, ಅವರು ಕೊಟ್ಟ ಬಾಟಲಿಯನ್ನು ತಂದು ನೀರಿಗೆ ಸುರಿಯುವುದು ನಮ್ಮಲ್ಲಿ ರೂಢಿಯಾಗಿದೆ. ಬಹಳ ಸಲ ಆ ಬಾಟಲಿಯಲ್ಲಿರುವುದು ಬೆಳೆಗೆ ಹೊಡೆಯುವ ಕೀಟನಾಶಕ. ಮೀನಿನ ಹೇನಿನಂಥ, ಸೀಗಡಿಯ ನಂಟಿನ ಕಠಿಣಚರ್ಮಿಗಳ ಮೇಲೆ ಅದು ಕೆಲಸ ಮಾಡಬಹುದು. ಕಿವಿರಿಗೆ ಅಂಟಿದ ಚಪ್ಪಟೆ ಹುಳುವಿಗೆ, ಕರುಳೊಳಗಿನ ಲಾಡಿಹುಳುವಿಗೆ ಅದು ಮದ್ದಲ್ಲ. ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳಾದ ಪ್ರಾಣಿಪ್ಲವಕಗಳನ್ನು ಮಾತ್ರ ಅದು ತಪ್ಪದೆ ಕೊಲ್ಲುತ್ತದೆ. ಕಾಟ್ಲಾ ಮೀನಿಗೆ ಅವೇ ಮುಖ್ಯ ಆಹಾರ. ಹೀಗೆ ಕಾಯಿಲೆಯ ಮೀನು ಉಪವಾಸಕ್ಕೂ ಬೀಳುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಹುಳು ಮೈಯ ಯಾವ ಭಾಗದಲ್ಲಿದೆ, ಅದರ ಬದುಕಿನ ಚಕ್ರದಲ್ಲಿ ಬೇರೆ ಯಾವ ಪ್ರಾಣಿ ಇದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾವ ಔಷಧವನ್ನೂ ಮುಟ್ಟಬೇಡಿ.

ಮೊದಲು ನೀರನ್ನು ನೋಡಿ

ಬೆಳಗಿನ ಜಾವ ಇಡೀ ಹೊಂಡದ ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದು, ಬಿಸಿಲೇರಿದ ಮೇಲೆ ತಾನಾಗಿ ಕೆಳಗಿಳಿದರೆ ಅದು ಆಮ್ಲಜನಕದ ಕೊರತೆ. ರಾತ್ರಿಯಿಡೀ ಪಾಚಿ, ಮೀನು, ತಳದ ಕೆಸರು ಮೂರೂ ಸೇರಿ ಆಮ್ಲಜನಕವನ್ನು ಬಳಸಿ ಮುಗಿಸಿರುತ್ತವೆ. ಕಿವಿರು ಹುಳುವಿನ ಮೀನು ಹಾಗಲ್ಲ. ಹತ್ತು ಗಂಟೆಯ ಬಿಸಿಲಿನಲ್ಲೂ ಅದು ಏದುಸಿರು ಬಿಡುತ್ತಿರುತ್ತದೆ, ಹೊಸ ನೀರು ಬೀಳುವ ಕೊಳವೆಯ ಬಾಯಿಗೆ ಬಂದು ನಿಲ್ಲುತ್ತದೆ. ಒಂದೇ ಹೊಂಡದಲ್ಲಿ ಕೆಲವು ಮೀನು ಹೀಗಿದ್ದು, ಉಳಿದವು ಮಾಮೂಲಾಗಿ ಮೇಯುತ್ತಿರಬಹುದು.

ಆಮ್ಲಜನಕ, ಪಿಎಚ್, ಅಮೋನಿಯ ಈ ಮೂರನ್ನು ಕಿಟ್‌ನಿಂದ ಅಳೆದು ಬರೆದಿಟ್ಟುಕೊಳ್ಳಿ. ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಮಾತು. ನೀರು ಕೆಟ್ಟಾಗ ಹುಳು ಹೆಚ್ಚುತ್ತದೆ, ಹುಳು ಹೆಚ್ಚಿದಾಗ ಮೀನು ಕೆಟ್ಟ ನೀರನ್ನು ತಾಳಿಕೊಳ್ಳುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗೇ ಇರುವ ಸಂಭವವೂ ಉಂಟು.

ಮೀನು ಹಿಡಿಯುವ ಕ್ರಮ

ಸತ್ತು ತೇಲಿದ ಮೀನನ್ನು ಪರೀಕ್ಷೆಗೆ ಒಯ್ಯುವುದು ಬಹುತೇಕ ವ್ಯರ್ಥ. ಮೀನು ಸತ್ತ ಸ್ವಲ್ಪ ಹೊತ್ತಿಗೆ ಕಿವಿರು ಮತ್ತು ಚರ್ಮದ ಹುಳುಗಳು ಕಳಚಿಕೊಳ್ಳುತ್ತವೆ ಅಥವಾ ಕರಗಿಹೋಗುತ್ತವೆ. ಜೀವ ಇರುವ, ಆದರೆ ಸೊರಗಿದ ಮೀನು ಬೇಕು. ಬೀಸುಬಲೆಯಲ್ಲಿ ಅಂಥ ನಾಲ್ಕೈದನ್ನು, ಜೊತೆಗೆ ಚೆನ್ನಾಗಿ ಕಾಣುವ ಎರಡು ಮೂರನ್ನೂ ಹಿಡಿಯಿರಿ. ಚೆನ್ನಾಗಿರುವ ಮೀನಿನಲ್ಲೂ ಅಷ್ಟೇ ಹುಳು ಕಂಡರೆ ಸಾವಿಗೆ ಕಾರಣ ಬೇರೆಯೇ ಇರಬಹುದು. ಹುಳು ಇದ್ದ ಮಾತ್ರಕ್ಕೆ ಕಾಯಿಲೆ ಎನ್ನಲಾಗುವುದಿಲ್ಲ. ಕೆರೆಯ ಆರೋಗ್ಯವಂತ ಮೀನಿನ ಹೊಟ್ಟೆಯಲ್ಲೂ ಒಂದೆರಡು ಹುಳು ಇದ್ದೇ ಇರುತ್ತವೆ.

ಪ್ರಯೋಗಾಲಯಕ್ಕೆ ಒಯ್ಯುವುದಾದರೆ ಅದೇ ಹೊಂಡದ ನೀರು ಮತ್ತು ಆಮ್ಲಜನಕ ತುಂಬಿದ ಚೀಲದಲ್ಲಿ, ಮರಿ ಸಾಗಿಸುವ ಹಾಗೆಯೇ ಸಾಗಿಸಿ. ಮನೆಯಲ್ಲೇ ನೋಡುವುದಾದರೆ ಶಾಲೆಯ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುವ, ಕಾಗದ ಮಡಚಿ ಮಾಡಿದ ಫೋಲ್ಡ್‌ಸ್ಕೋಪ್ ಕೂಡ ಆಗುತ್ತದೆ. ಗಾಜಿನ ಮೇಲೆ ಹಾಕುವ ಹನಿ ಮಾತ್ರ ಹೊಂಡದ ನೀರಿನದ್ದೇ ಆಗಿರಲಿ. ಕ್ಲೋರಿನ್ ಇರುವ ನಲ್ಲಿ ನೀರು ಬಿದ್ದರೆ ಹುಳು ಅಲುಗಾಡುವುದು ನಿಲ್ಲುತ್ತದೆ. ಅಲುಗದ ಹುಳುವನ್ನು ಹೊಸಬರು ಗುರುತಿಸುವುದು ಕಷ್ಟ.

ಕಿವಿರು: ಹೆಚ್ಚಿನ ತೊಂದರೆ ಇಲ್ಲೇ

ಮರಿ ಬೆಳೆಸುವ ನರ್ಸರಿ ಹೊಂಡಗಳಲ್ಲಿ, ಒತ್ತೊತ್ತಾಗಿ ಮರಿ ಬಿಟ್ಟ ತೊಟ್ಟಿಗಳಲ್ಲಿ ಹುಳುಬಾಧೆ ಎಂದರೆ ಹತ್ತಕ್ಕೆ ಏಳೆಂಟು ಸಲ ನಾನು ಮೊದಲು ಅನುಮಾನಿಸುವುದು ಕಿವಿರನ್ನು. ಕಿವಿರಿನ ಮುಚ್ಚಳ ಎತ್ತಿ ನೋಡಿ. ಆರೋಗ್ಯವಂತ ಕಿವಿರು ಕಡುಗೆಂಪಾಗಿ, ಎಳೆಎಳೆಯಾಗಿ ಬಿಡಿಸಿಕೊಂಡಿರುತ್ತದೆ. ಹುಳು ಹತ್ತಿದ ಕಿವಿರು ಅಲ್ಲಲ್ಲಿ ಬಿಳಿಚಿ, ಊದಿ, ದಪ್ಪ ಲೋಳೆಯಿಂದ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಮುಚ್ಚಳ ಪೂರ್ತಿ ಮುಚ್ಚಿಕೊಳ್ಳದೆ ತುಸು ತೆರೆದೇ ಇರುವುದೂ ಒಂದು ಗುರುತು.

ಸಣ್ಣ ಕತ್ತರಿಯಿಂದ ಕಿವಿರಿನ ತುದಿಯ ನಾಲ್ಕೈದು ಎಳೆಗಳನ್ನು ಕತ್ತರಿಸಿ, ಹನಿ ನೀರಿನಲ್ಲಿಟ್ಟು, ಮೇಲೆ ತೆಳುಗಾಜು ಮುಚ್ಚಿ. 40 ಪಟ್ಟಿನಲ್ಲಿ ಎಳೆಗಳ ಅಂಚನ್ನೇ ಹಿಂಬಾಲಿಸುತ್ತಾ ಹೋಗಿ. ಡ್ಯಾಕ್ಟಿಲೊಗೈರಸ್ ಎಂಬ ಚಪ್ಪಟೆ ಹುಳು ಇದ್ದರೆ ಕಣ್ತಪ್ಪಿ ಹೋಗುವುದಿಲ್ಲ. ಅರ್ಧ ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕವಾದ ಹುಳು ಬಾಲದ ತುದಿಯಿಂದ ಎಳೆಯನ್ನು ಕಚ್ಚಿಕೊಂಡು, ಉಳಿದ ಮೈಯನ್ನು ಉದ್ದಕ್ಕೆ ಚಾಚಿ, ತಡಕಾಡಿ, ಮತ್ತೆ ಕುಗ್ಗಿಸುತ್ತಿರುತ್ತದೆ. 100 ಪಟ್ಟಿಗೆ ಹೋದರೆ ತಲೆಯ ಕಡೆ ನಾಲ್ಕು ಕಪ್ಪು ಕಣ್ಣುಚುಕ್ಕೆಗಳು, ಬಾಲದ ಕಡೆ ಎರಡು ದೊಡ್ಡ ಕೊಕ್ಕೆಗಳು ಕಾಣುತ್ತವೆ. ಆ ಕೊಕ್ಕೆಗಳು ಊರಿದ ಕಡೆಯೆಲ್ಲ ಕಿವಿರು ಗಾಯಗೊಂಡು, ಗಾಯ ಮುಚ್ಚಲು ಹೊಸ ಕೋಶಗಳು ಬೆಳೆದು, ಉಸಿರಾಟಕ್ಕೆ ಇದ್ದ ತೆಳುಪದರ ದಪ್ಪಗಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ರಕ್ತಕ್ಕೆ ಸೇರುವುದಿಲ್ಲ. ಬಿಸಿಲಿನಲ್ಲೂ ಮೀನು ಏದುಸಿರು ಬಿಡುವುದು ಇದಕ್ಕೇ.

ಕಣ್ಣುಚುಕ್ಕೆ ಕಾಣದೆ, ಹುಳು ಕಿವಿರಿಗಿಂತ ಚರ್ಮದ ಮೇಲೆ ಹೆಚ್ಚಿದ್ದರೆ ಅದು ಗೈರೊಡ್ಯಾಕ್ಟಿಲಸ್. ಭುಜದ ಈಜುರೆಕ್ಕೆಯ ಹಿಂದಿನಿಂದ ಬಾಲದ ಕಡೆಗೆ ತೆಳುಗಾಜಿನ ಅಂಚಿನಿಂದ ಲೋಳೆ ಕೆರೆದು ನೋಡಿ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ತಾಯಿಯ ಪಾರದರ್ಶಕ ಹೊಟ್ಟೆಯೊಳಗೆ ಮರಿಯ ಕೊಕ್ಕೆಗಳು ಆಗಲೇ ಮೂಡಿರುತ್ತವೆ. ಆ ಮರಿಯೊಳಗೆ ಮತ್ತೊಂದು ಮರಿ ಬೆಳೆಯುತ್ತಿರುತ್ತದೆ. ಇದು ಇಷ್ಟು ಬೇಗ ಹೆಚ್ಚುವುದು ಏಕೆಂದು ಅದನ್ನು ಒಮ್ಮೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ವ್ಯತ್ಯಾಸ ಚಿಕಿತ್ಸೆಗೆ ಬಹಳ ಮುಖ್ಯ. ಮರಿ ಹಾಕುವ ಹುಳುವಿಗೆ ಸರಿಯಾಗಿ ಮಾಡಿದ ಒಂದು ಸುತ್ತು ಸಾಕಾಗಬಹುದು. ಡ್ಯಾಕ್ಟಿಲೊಗೈರಸ್ ಮೊಟ್ಟೆ ಇಡುತ್ತದೆ, ಹುಳು ಕೊಲ್ಲಲು ನೀರಿಗೆ ಹಾಕುವ ಫಾರ್ಮಲಿನ್ ಮೊಟ್ಟೆಗೆ ತಾಗುವುದಿಲ್ಲ. ನಮ್ಮ ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಆದ್ದರಿಂದ ನಾಲ್ಕೈದು ದಿನ ಬಿಟ್ಟು, ಹೊಸ ಹುಳು ಬಲಿತು ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೆಯ ಸುತ್ತು ಆಗಬೇಕು. ಮೊದಲ ಸುತ್ತಿಗೆ ಮೀನು ಚೇತರಿಸಿಕೊಂಡಿತೆಂದು ಕೈಬಿಟ್ಟವರ ಹೊಂಡದಲ್ಲಿ ಅದೇ ಕಾಯಿಲೆ ಮರಳಿ ಬರುತ್ತದೆ. ಔಷಧ ನಕಲಿ ಎಂಬ ದೂರು ಆಗ ಶುರುವಾಗುತ್ತದೆ.

ಎಷ್ಟು ಹುಳು ಕಂಡರೆ ಚಿಕಿತ್ಸೆ ಎಂಬುದಕ್ಕೆ ನನ್ನ ಅಳತೆ ಇಷ್ಟು: 40 ಪಟ್ಟಿನಲ್ಲಿ ಗಾಜನ್ನು ಸರಿಸುತ್ತಾ ಹೋದಾಗ ಹುಡುಕಿದರೆ ಒಂದು ಸಿಗುವಂತಿದ್ದರೆ ಕಾಯಬಹುದು. ನೋಡಿದ ಕಡೆಯೆಲ್ಲ ಎರಡು ಮೂರು ಆಡುತ್ತಿದ್ದು, ಕಿವಿರೂ ಬಿಳಿಚಿದ್ದರೆ ಕಾಯಬಾರದು.

ಕಾಟ್ಲಾ ಕಿವಿರಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳು ಕಂಡರೆ ಅದು ಹುಳುವೆಂದು ಕೂಡಲೇ ತೀರ್ಮಾನಿಸಬೇಡಿ. ಗಂಟನ್ನು ಗಾಜಿನ ಮೇಲೆ ಒತ್ತಿ ಒಡೆಯಿರಿ. ಒಳಗಿನಿಂದ ಸುರುಳಿ ಸುತ್ತಿದ ಜೀವ ಹೊರಬಂದು ಅಲುಗಾಡಿದರೆ ಅದು ಚಪ್ಪಟೆ ಹುಳುವಿನ ಮರಿ. ಅಲುಗದ, ಒಂದೇ ಅಳತೆಯ ಸಾವಿರಾರು ಸಣ್ಣ ಬೀಜಗಳು ಚೆಲ್ಲಿಕೊಂಡರೆ ಅದು ಮಿಕ್ಸೊಬೋಲಸ್ ಎಂಬ ಸೂಕ್ಷ್ಮ ಪರಜೀವಿಯ ಗುಂಪಿನ ಬೀಜಾಣು. ಅದರ ಮೇಲೆ ಹುಳುವಿನ ಮದ್ದು ನಡೆಯುವುದಿಲ್ಲ. ಮೈಗೆ ದಾರದಂತೆ ನೇತಾಡುವ ಲಂಗರು ಹುಳು ಕೂಡ ಹೆಸರಿಗೆ ಹುಳು, ಜಾತಿಯಲ್ಲಿ ಸೀಗಡಿಯ ನಂಟ. ಅದರ ಚಿಕಿತ್ಸೆ ಬೇರೆ.

ಕಪ್ಪು ಚುಕ್ಕೆ, ಬಿಳಿ ಕಣ್ಣು: ಬಸವನಹುಳು ಹುಡುಕಿ

ಮೀನಿನ ಚರ್ಮ, ಈಜುರೆಕ್ಕೆಗಳ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಎದ್ದಿವೆ, ಬೆರಳಾಡಿಸಿದರೆ ಕಾಳಿನಂತೆ ತಾಗುತ್ತವೆ. ಕಪ್ಪು ಬಣ್ಣ ಹುಳುವಿನದ್ದಲ್ಲ. ಚರ್ಮದೊಳಗೆ ಗೂಡು ಕಟ್ಟಿ ಕುಳಿತ ಹುಳುಮರಿಯ ಸುತ್ತ ಮೀನಿನ ಮೈಯೇ ಕಟ್ಟಿದ ಬಣ್ಣದ ಗೋಡೆ ಅದು. ದೊಡ್ಡ ಮೀನಿಗೆ ಇದರಿಂದ ಪ್ರಾಣಾಪಾಯ ಅಪರೂಪ, ಮಾರುಕಟ್ಟೆಯಲ್ಲಿ ಕೊಳ್ಳುವವರು ಮುಖ ತಿರುಗಿಸುತ್ತಾರೆ ಅಷ್ಟೆ. ಬೆರಳುದ್ದದ ಮರಿಗಳಿಗೆ ಮೈತುಂಬ ಹತ್ತಿದರೆ ಸಾಯುತ್ತವೆ.

ಕಣ್ಣಿನದು ಇದಕ್ಕಿಂತ ಕ್ರೂರ. ಡಿಪ್ಲೊಸ್ಟೋಮಮ್ ಎಂಬ ಚಪ್ಪಟೆ ಹುಳುವಿನ ಮರಿ ಮೀನಿನ ಚರ್ಮ ಕೊರೆದು ಒಳಹೊಕ್ಕು ಕಣ್ಣಿನ ಮಸೂರ ಸೇರುತ್ತದೆ. ಮೀನಿನ ರೋಗನಿರೋಧಕ ಶಕ್ತಿ ಮಸೂರದೊಳಕ್ಕೆ ತಲುಪುವುದಿಲ್ಲ. ಹುಳುಮರಿಗಳು ಅಲ್ಲಿ ನೆಮ್ಮದಿಯಾಗಿರುತ್ತವೆ, ಮಸೂರ ಪೊರೆ ಬಂದಂತೆ ಬೆಳ್ಳಗಾಗುತ್ತದೆ. ಕುರುಡು ಮೀನಿಗೆ ಮೇವು ಕಾಣುವುದಿಲ್ಲ. ಮೈ ಕಪ್ಪಾಗಿ, ಸೊರಗಿ, ಮೇಲುನೀರಿನಲ್ಲೇ ತಿರುಗುವ ಅದು ಹಕ್ಕಿಗೆ ಸುಲಭದ ತುತ್ತು. ಹಕ್ಕಿಯ ಕರುಳು ಸೇರುವುದೇ ಆ ಹುಳುವಿಗೆ ಬೇಕಾದದ್ದೂ ಹೌದು. ಖಾತ್ರಿ ಮಾಡಿಕೊಳ್ಳಲು ಮೀನನ್ನು ಕೊಂದು, ಮಸೂರವನ್ನು ಬಿಡಿಸಿ ಗಾಜಿನ ಮೇಲೆ ಹನಿ ನೀರಿನಲ್ಲಿ ಮೆಲ್ಲನೆ ಒತ್ತಿ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದಾದ ಎಲೆಯಾಕಾರದ ಮರಿಗಳು ತೆವಳುತ್ತಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಬಿಳಿ ಕಣ್ಣು ಮೇವಿನ ಪೋಷಕಾಂಶದ ಕೊರತೆಯಿಂದಲೂ, ಪೆಟ್ಟಿನಿಂದಲೂ ಬರುತ್ತದೆ. ಅದಕ್ಕೇ ಈ ಪರೀಕ್ಷೆ ಬೇಕು.

ಚಕ್ರ ಹೀಗೆ ಸುತ್ತುತ್ತದೆ: ಹಕ್ಕಿಯ ಹಿಕ್ಕೆಯಿಂದ ಹುಳುವಿನ ಮೊಟ್ಟೆ ನೀರಿಗೆ, ಮೊಟ್ಟೆಯೊಡೆದ ಮರಿ ಬಸವನಹುಳುವಿಗೆ, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು ಮೀನಿಗೆ, ಮೀನಿನಿಂದ ಮತ್ತೆ ಹಕ್ಕಿಗೆ. ಸೋಂಕು ತಗುಲಿದ ಒಂದೇ ಬಸವನಹುಳು ದಿನಕ್ಕೆ ಸಾವಿರಾರು ಈಜುಮರಿಗಳನ್ನು ಹೊರಬಿಡಬಲ್ಲದು. ಇದನ್ನು ಕಣ್ಣಾರೆ ನೋಡಬಹುದು. ಹೊಂಡದ ಅಂಚಿನ ಜಲಕಳೆಯಿಂದ ಹತ್ತಾರು ಬಸವನಹುಳು ಆಯ್ದು, ಒಂದೊಂದನ್ನೂ ತಿಳಿನೀರಿನ ಗಾಜಿನ ಲೋಟದಲ್ಲಿ ಹಾಕಿ ಬೆಳಕಿನಲ್ಲಿ ಎರಡು ಮೂರು ಗಂಟೆ ಇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ಭೂತಗನ್ನಡಿಯಿಂದ ನೋಡಿ. ಧೂಳಿನ ಕಣಗಳಂಥವು ಮೇಲೇರಿ, ಒಂದು ಕ್ಷಣ ನಿಂತು, ಕೆಳಗಿಳಿದು, ಮತ್ತೆ ಜಿಗಿಯುತ್ತಿದ್ದರೆ ಅವೇ ಈಜುಮರಿಗಳು. ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕವಲೊಡೆದ ಬಾಲವೂ ಕಾಣಬಹುದು. ಆ ನೀರಿಗೆ ಬರಿಗೈ ಹಾಕಬೇಡಿ. ಇವುಗಳ ಜಾತಿಯ ಕೆಲವು ಮನುಷ್ಯರ ಚರ್ಮಕ್ಕೂ ಹೊಕ್ಕು ತುರಿಕೆ ಎಬ್ಬಿಸುತ್ತವೆ.

ಕಣ್ಣು ಒಮ್ಮೆ ಬೆಳ್ಳಗಾದ ಮೇಲೆ ಹುಳುವನ್ನು ಕೊಂದರೂ ದೃಷ್ಟಿ ಮರಳುವುದಿಲ್ಲ. ಇಲ್ಲಿ ಚಿಕಿತ್ಸೆ ನಡೆಯಬೇಕಾದದ್ದು ಬಸವನಹುಳುವಿನ ಮೇಲೆ. ಅಂಚಿನ ಕಳೆ ಕಿತ್ತುಹಾಕಿ. ಸಂಜೆ ತೆಂಗಿನ ಗರಿ, ಬಾಳೆ ಎಲೆಗಳನ್ನು ಅಂಚಿನ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಅಂಟಿಕೊಂಡ ಬಸವನಹುಳುಗಳ ಸಮೇತ ಎಳೆದು ಬಿಸಿಲಿಗೆ ಹಾಕಿ. ಮೀನು ಹಿಡಿದು ಮುಗಿದ ಮೇಲೆ ತಳದ ಕೆಸರು ಬಿರುಕು ಬಿಡುವವರೆಗೆ ಒಣಗಿಸಿ ಸುಣ್ಣ ಹರಡಿ. ಮೈಲುತುತ್ತ ಬಸವನಹುಳುವನ್ನು ಕೊಲ್ಲುತ್ತದೆ, ನಿಜ. ಆದರೆ ಮಲೆನಾಡಿನ, ಕರಾವಳಿಯ ಮೆದು ನೀರಿನಲ್ಲಿ ಅದೇ ಪ್ರಮಾಣ ಮೀನನ್ನೂ ಕೊಲ್ಲುತ್ತದೆ. ಮೀನಿರುವ ಹೊಂಡಕ್ಕೆ ಅದನ್ನು ನಾನು ಹೇಳುವುದಿಲ್ಲ.

ಹಕ್ಕಿಗಳ ಮೇಲೆ ಸಿಟ್ಟು ಬೇಡ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಮನೆಯಂಗಳದ ಮರಗಳಲ್ಲೇ ಉಳಿಸಿಕೊಂಡು ಬಂದಿದ್ದಾರೆ. ಅಂಥ ನಾಡಿನಲ್ಲಿ ಕೋವಿ ಎತ್ತುವ ಮಾತು ಯಾರಿಗೂ ಶೋಭೆಯಲ್ಲ. ನರ್ಸರಿ ಹೊಂಡಕ್ಕೆ ಮಾತ್ರ ಮೇಲೆ ಬಲೆ ಕಟ್ಟಿ.

ಹೊಟ್ಟೆ ಉಬ್ಬಿದ ಮೀನು

ಹೊಟ್ಟೆ ಊದಿಕೊಂಡದ್ದಕ್ಕೆ ಮೂರು ಸಾಮಾನ್ಯ ಕಾರಣಗಳಿವೆ. ಮುಂಗಾರಿನ ಹೊತ್ತಿಗೆ ತತ್ತಿ ತುಂಬಿದ ಹೆಣ್ಣು ಮೀನಿನ ಹೊಟ್ಟೆ ಎರಡೂ ಕಡೆ ಸಮನಾಗಿ ಮೆತ್ತಗಿರುತ್ತದೆ. ಬ್ಯಾಕ್ಟೀರಿಯಾದಿಂದ ಬರುವ ಜಲೋದರದಲ್ಲಿ ಹುರುಪೆಗಳು ನಿಮಿರಿ ನಿಂತಿರುತ್ತವೆ, ಒತ್ತಿದರೆ ನೀರು ತುಂಬಿದ ಚೀಲ ಮುಟ್ಟಿದಂತಾಗುತ್ತದೆ. ಹುರುಪೆ ಮಾಮೂಲಾಗಿದ್ದು, ಹೊಟ್ಟೆ ಗಟ್ಟಿಯಾಗಿ ಓರೆಕೋರೆಯಾಗಿದ್ದರೆ ಕೊಯ್ದು ನೋಡಿ.

ಲಿಗುಲಾ ಎಂಬ ಲಾಡಿಹುಳು ಆಗಿದ್ದರೆ ಚಾಕು ತಾಗುತ್ತಿದ್ದಂತೆ ಬಿಳಿಯ ದಪ್ಪ ಪಟ್ಟಿ ತಾನಾಗಿ ಹೊರಗೆ ಜಾರುತ್ತದೆ. ಅದು ಕರುಳೊಳಗೆ ಇರುವುದಿಲ್ಲ, ಕರುಳಿನ ಹೊರಗೆ ಹೊಟ್ಟೆಯ ಪೊಳ್ಳಿನಲ್ಲಿ ಮಡಿಕೆ ಮಡಿಕೆಯಾಗಿರುತ್ತದೆ. ಬಿಡಿಸಿ ಉದ್ದಕ್ಕೆ ಇಟ್ಟರೆ ಮೀನಿಗಿಂತ ಉದ್ದವಿದ್ದರೂ ಆಶ್ಚರ್ಯವಿಲ್ಲ. ಒಳಗಿನ ಅಂಗಗಳು ಒತ್ತಿಹೋಗಿರುತ್ತವೆ, ತತ್ತಿಚೀಲ ಬೆಳೆಯದೆ ದಾರದಂತಾಗಿರುತ್ತದೆ. ತಾಯಿಮೀನು ಇಟ್ಟುಕೊಂಡಿರುವವರಿಗೆ ಇದು ದೊಡ್ಡ ನಷ್ಟ, ಮೀನು ಬದುಕಿದ್ದರೂ ತತ್ತಿ ಕಟ್ಟುವುದಿಲ್ಲ. ಇದಕ್ಕೆ ಹೊಂಡದ ಮಟ್ಟದಲ್ಲಿ ಮಾಡಬಹುದಾದ ಮದ್ದಿಲ್ಲ. ಹಕ್ಕಿಯಿಂದ ಹುಳುವಿನ ಮೊಟ್ಟೆ, ಮೊಟ್ಟೆಯಿಂದ ಸೈಕ್ಲಾಪ್ಸ್‌ನಂಥ ಸಣ್ಣ ಕಠಿಣಚರ್ಮಿ, ಅದನ್ನು ತಿಂದ ಮೀನು ಎಂಬ ಸರಪಳಿಯನ್ನು ಹೊಂಡ ಒಣಗಿಸಿಯೇ ಮುರಿಯಬೇಕು.

ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಮರಿಗಳಲ್ಲಿ ಕರುಳಿನ ಒಳಗೇ ಬಿಳಿ ಲಾಡಿಹುಳು ಕಂಡರೆ ಏಷ್ಯಾದ ಲಾಡಿಹುಳುವನ್ನು ಅನುಮಾನಿಸಿ. 1934ರಲ್ಲಿ ಜಪಾನಿನ ಮೀನಿನಿಂದ ವಿವರಿಸಲಾದ ಇದು ಹುಲ್ಲುಗೆಂಡೆಯ ಸಾಗಣೆಯ ಜೊತೆ ಖಂಡ ಖಂಡಗಳಿಗೆ ಹಬ್ಬಿದೆ. ಕರುಳನ್ನು ನೀರಿನ ತಟ್ಟೆಯಲ್ಲಿಟ್ಟು ಉದ್ದಕ್ಕೆ ಸೀಳಿ. ಭಾಗ ಭಾಗವಾದ ಮೈ, ಹೃದಯದಾಕಾರದ ತಲೆ, ತಲೆಯ ಎರಡು ಬದಿ ಸೀಳು ಇದರ ಗುರುತು. ಚಿಕ್ಕ ಮರಿಯ ಕರುಳನ್ನು ಇದು ಕಟ್ಟಿಹಾಕಿಬಿಡುತ್ತದೆ. ಇಲ್ಲಿ ಹಕ್ಕಿಯ ಪಾತ್ರ ಬೇಕಿಲ್ಲ, ಮೀನೇ ಕೊನೆಯ ನೆಲೆ. ಹಾಗಾಗಿ ಮೇವಿನಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಹುಳುಮದ್ದು ಕೊಟ್ಟು ಗುಣಪಡಿಸಲು ಸಾಧ್ಯವಿದೆ. ಪ್ರಮಾಣವನ್ನು ಮರಿಯ ತೂಕ ನೋಡಿ ಮೀನು ತಜ್ಞರಿಂದಲೇ ಬರೆಸಿಕೊಳ್ಳಿ.

ಗುದದ್ವಾರದಿಂದ ಕೆಂಪು ದಾರದ ತುಣುಕುಗಳು ಇಣುಕುತ್ತಿದ್ದರೆ ಅದು ರಕ್ತ ಹೀರುವ ಕ್ಯಾಮಲ್ಲಾನಸ್, ಕೊರವ ಮೀನಿನಲ್ಲೂ ಅಕ್ವೇರಿಯಂ ಮೀನುಗಳಲ್ಲೂ ಕಾಣುತ್ತದೆ. ಕೊರವದ ಕರುಳಿನಲ್ಲೇ ಮುಳ್ಳುತಲೆಯ ಹುಳುಗಳೂ ಸಿಗುತ್ತವೆ. ಎಳೆದರೆ ಬರುವುದಿಲ್ಲ, ಮುಳ್ಳಿನ ಮೂತಿಯನ್ನು ಕರುಳಿನ ಗೋಡೆಗೆ ಊರಿಕೊಂಡಿರುತ್ತವೆ. ಕೊರವದ ಮಾಂಸದಲ್ಲಿ ಮನುಷ್ಯರ ಮೈಯಲ್ಲೂ ಅಲೆದಾಡಬಲ್ಲ ಗ್ನ್ಯಾಥೊಸ್ಟೋಮಾ ಮರಿಗಳು ಇರುವ ಸಾಧ್ಯತೆ ಉಂಟು. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ, ಅರೆಬೆಂದದ್ದು ಬೇಡ.

ಔಷಧ ಹಾಕುವಾಗ

ಮರಿಗಳ ಮೇಲಿನ ಹುಳುವಿಗೆ ನಾನು ಮೊದಲು ಹೇಳುವುದು ಕಲ್ಲುಪ್ಪು. ಲೀಟರಿಗೆ 20ರಿಂದ 30 ಗ್ರಾಂ ಕರಗಿಸಿದ ನೀರಿನಲ್ಲಿ ಬಲೆಯ ಸಮೇತ ಒಂದೆರಡು ನಿಮಿಷ ಅದ್ದಿ. ಮೀನು ಓರೆಯಾಗಿ ವಾಲುತ್ತಿದ್ದಂತೆ ಗಡಿಯಾರ ನೋಡದೆ ಎತ್ತಿ ತಿಳಿನೀರಿಗೆ ಬಿಡಿ. ತೀರಾ ಎಳೆಯ ಮರಿಗಳಿಗೆ ಅರ್ಧ ಪ್ರಮಾಣ ಸಾಕು. ಮೊದಲು ನಾಲ್ಕು ಮೀನಿನ ಮೇಲೆ ಪ್ರಯೋಗಿಸಿ ನೋಡಿ, ಆಮೇಲೆ ಉಳಿದವು.

ಇಡೀ ನರ್ಸರಿ ಹೊಂಡಕ್ಕೆ ಫಾರ್ಮಲಿನ್ 15ರಿಂದ 25 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು) ಬಳಸುವುದುಂಟು. ಲೆಕ್ಕ ಸುಲಭ: ಉದ್ದ, ಅಗಲ, ಸರಾಸರಿ ಆಳ ಗುಣಿಸಿದರೆ ಘನ ಮೀಟರ್. ಅದನ್ನು ಪಿಪಿಎಂನಿಂದ ಗುಣಿಸಿದರೆ ಮಿಲಿಲೀಟರ್. 20 ಮೀಟರ್ ಉದ್ದ, 20 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳವಿದ್ದರೆ 600 ಘನ ಮೀಟರ್. 20 ಪಿಪಿಎಂಗೆ 12 ಲೀಟರ್. ಕೃಷಿ ಹೊಂಡಗಳ ಗೋಡೆ ಇಳಿಜಾರಾಗಿರುತ್ತದೆ, ನಡುವಿನ ಆಳವನ್ನೇ ಹಿಡಿದು ಗುಣಿಸಿದರೆ ಔಷಧ ದುಪ್ಪಟ್ಟಾಗಿ ಮೀನು ಸಾಯುತ್ತದೆ. ಮೂಲೆ, ಅಂಚು, ನಡು ಎಂದು ಐದಾರು ಕಡೆ ಅಳೆದು ಸರಾಸರಿ ತೆಗೆಯಿರಿ.

ಫಾರ್ಮಲಿನ್ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಪ್ರತಿ 5 ಪಿಪಿಎಂಗೆ ಸುಮಾರು 1 ಪಿಪಿಎಂ ಆಮ್ಲಜನಕ ಹೋಗುತ್ತದೆ, ಪಾಚಿ ಸತ್ತರೆ ಇನ್ನಷ್ಟು. ಮೋಡದ ದಿನ, ಸಂಜೆ, ಮೀನು ಗುಟುಕರಿಸುತ್ತಿರುವ ಹೊಂಡ ಇವು ಮೂರಕ್ಕೂ ಫಾರ್ಮಲಿನ್ ನಿಷಿದ್ಧ. ಬಿಸಿಲಿನ ಬೆಳಿಗ್ಗೆ, ನೀರಿಗೆ ಗಾಳಿ ಬೆರೆಸುವ ಏರೇಟರ್ ಚಾಲೂ ಇಟ್ಟು, ಕೈಗವಸು, ಮುಖಗವಸು ಹಾಕಿಕೊಂಡು, ಗಾಳಿ ಬೆನ್ನಿಗೆ ಬರುವಂತೆ ನಿಂತು ಎರಚಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಎಂದಿಗೂ ಬೆರೆಸಬೇಡಿ, ಎರಡೂ ಸೇರಿದರೆ ಕುದಿದು ವಿಷಗಾಳಿ ಏಳುತ್ತದೆ. ಮಾರಾಟಕ್ಕೆ ಬಂದ ಮೀನಿನ ಹೊಂಡಕ್ಕೆ ಫಾರ್ಮಲಿನ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ತಿನ್ನುವವರ ಬಗ್ಗೆ ಅಷ್ಟು ಕಾಳಜಿ ನಮಗಿರಬೇಕು. ಆ ಹಂತದಲ್ಲಿ ಮೀನಿನ ಸಂಖ್ಯೆ ಕಡಿಮೆ ಮಾಡುವುದು, ನೀರು ಬದಲಿಸುವುದು ಒಳ್ಳೆಯ ದಾರಿ.

ಹೊಸ ಮರಿ ಬರುವಾಗ

ನಾರ್ವೆಯ ಕಥೆ ಇಲ್ಲಿ ಹೇಳಲೇಬೇಕು. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯಿಂದ ತಂದ ಸಾಲ್ಮನ್ ಮರಿಗಳ ಜೊತೆ ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ ಹುಳು ಅಲ್ಲಿಗೆ ಬಂತು. ಬಾಲ್ಟಿಕ್ ಸಾಲ್ಮನ್‌ಗೆ ಅದರೊಂದಿಗೆ ಬದುಕಿ ಅಭ್ಯಾಸವಿತ್ತು, ನಾರ್ವೆಯ ಸಾಲ್ಮನ್‌ಗೆ ಇರಲಿಲ್ಲ. ಸುಮಾರು 50 ನದಿಗಳಿಗೆ ಹಬ್ಬಿ ಸಾಲ್ಮನ್ ಸಂತತಿಯನ್ನೇ ನೆಲಕಚ್ಚಿಸಿತು. ಅದನ್ನು ತೊಲಗಿಸಲು ಇಡೀ ನದಿಗೆ ರೊಟೆನೋನ್ ವಿಷ ಹಾಕಿ ಮೀನುಗಳನ್ನೆಲ್ಲ ಕೊಲ್ಲಬೇಕಾಯಿತು.

ನಮ್ಮಲ್ಲಿಯೂ ಮರಿಗಳು ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಚೀಲದಲ್ಲಿ ಬರುತ್ತವೆ. ಬಂದ ದಿನವೇ ಹೊಂಡಕ್ಕೆ ಬಿಡದೆ, ಎರಡು ವಾರ ಪ್ರತ್ಯೇಕ ತೊಟ್ಟಿಯಲ್ಲಿಡಿ. ಅದೇ ಹೊಂಡದಲ್ಲಿ ಕಟ್ಟಿದ ಹಾಪಾ ಎಂಬ ಬಲೆಯ ತೊಟ್ಟಿಲು ಇದಕ್ಕೆ ಸಾಲದು, ಅದರ ನೀರೂ ಹೊಂಡದ ನೀರೂ ಒಂದೇ. ಬಿಡುವ ಮೊದಲು ನಾಲ್ಕೈದು ಮರಿಗಳ ಕಿವಿರು ನೋಡಿ. ಒಂದು ಹೊಂಡದಲ್ಲಿ ಎಳೆದ ಬಲೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಇಳಿಸಬೇಡಿ.

ನಿಮಗೆ ಗುರುತು ಹತ್ತದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಮೊದಲ ಬಾಗಿಲು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ, ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಹೋಗುವಾಗ ಜೀವಂತ ಮೀನಿನ ಜೊತೆ ನೀರಿನ ಅಳತೆ ಬರೆದ ಚೀಟಿ, ಮರಿ ಬಿಟ್ಟ ತಾರೀಕು, ಎಷ್ಟು ಮರಿ, ಈಗಾಗಲೇ ಏನಾದರೂ ಸುರಿದಿದ್ದರೆ ಆ ಬಾಟಲಿ ಇವನ್ನೂ ಒಯ್ಯಿರಿ. ಚಿಕಿತ್ಸೆ ಮುಗಿದ ವಾರಕ್ಕೆ ಮತ್ತೆ ಅಷ್ಟೇ ಮೀನು ಹಿಡಿದು, ಅದೇ ಕಿವಿರಿನ ಎಳೆ ಕತ್ತರಿಸಿ, ಹುಳು ಎಣಿಸಿ ಹಳೆಯ ಎಣಿಕೆಯ ಪಕ್ಕದಲ್ಲೇ ಬರೆಯಿರಿ. ಸಂಖ್ಯೆ ಇಳಿದಿರದಿದ್ದರೆ ಔಷಧದ ಪ್ರಮಾಣ ಏರಿಸುವ ಮೊದಲು ಹೊಂಡದ ಆಳವನ್ನು ಇನ್ನೊಮ್ಮೆ ಅಳೆಯಿರಿ.